ಸತ್ತವರು ಕಥೆಯೊಳಗೆ ಬಂದು ಯಾಕೆ ಮಾತಾಡುತ್ತಾರೆ?

ಸಿನಿಮಾ ಅರ್ಧ ಆಗಿದೆ. ಶುರುವಿನಲ್ಲೇ ತೀರಿಕೊಂಡ ಅಪ್ಪ ಈಗ ಮಗನ ಪಕ್ಕದಲ್ಲಿ ಜಗಲಿ ಮೇಲೆ ಕೂತು, ತೋಟದ ಬೇಲಿ ಬಿದ್ದಿದೆ ಅಂತ ಬೈಯುತ್ತಿದ್ದಾನೆ. ಟಿವಿ ಮುಂದೆ ಕೂತವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಇವನು ಸತ್ತು ಹೋಗಿದ್ನಲ್ಲ?" ದೆವ್ವವೋ, ಕನಸೋ, ಮಗನಿಗೆ ತಲೆ ಕೆಟ್ಟಿದೆಯೋ ಅಂತ ಚರ್ಚೆ ಶುರುವಾಗುತ್ತದೆ. ಅಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ.

ಇಂಥ ದೃಶ್ಯಗಳು ಈಗ ಜಾಸ್ತಿ ಕಣ್ಣಿಗೆ ಬೀಳುತ್ತಿವೆ. ಒಟಿಟಿಯಿಂದಾಗಿ ಕೊರಿಯಾ, ಜಪಾನ್, ಮೆಕ್ಸಿಕೋ ಕಥೆಗಳೂ ಮನೆಗೆ ಬರುತ್ತಿವೆ. ಜೊತೆಗೆ, ತೀರಿಕೊಂಡವರ ದನಿಯಲ್ಲೇ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳೂ ಬಂದುಬಿಟ್ಟಿವೆ. ಹಾಗಾಗಿ ಕಥೆಗಾರರು ಈ ತಂತ್ರವನ್ನು ಹೇಗೆ ಬಳಸುತ್ತಾರೆ, ಅದು ನಮ್ಮ ಮೇಲೆ ಯಾಕೆ ಕೆಲಸ ಮಾಡುತ್ತದೆ ಅಂತ ಬುಡದಿಂದ ನೋಡೋಣ.

ಯಾವುದನ್ನು ಸತ್ತವರ ಜೊತೆ ಮಾತು ಅನ್ನುತ್ತೇವೆ

ದೆವ್ವದ ಕಥೆ ಬೇರೆ, ಇದು ಬೇರೆ. ದೆವ್ವದ ಕಥೆಯಲ್ಲಿ ಮುಖ್ಯ ಕೆಲಸ ಹೆದರಿಸುವುದು. ಅಲ್ಲಿ ದೆವ್ವ ಬಾಯಿ ಬಿಡದಿದ್ದರೂ ನಡೆಯುತ್ತದೆ. ನಾವು ಇಲ್ಲಿ ನೋಡುತ್ತಿರುವುದು ಬದುಕಿದ್ದವರು, ಸತ್ತವರು ಇಬ್ಬರ ನಡುವೆ ನಡೆಯುವ ಮಾತನ್ನು. ಕೆಲವು ಕಥೆಗಳಲ್ಲಿ ಸತ್ತವರೇ ಎದುರು ಬಂದು ಉತ್ತರ ಕೊಡುತ್ತಾರೆ. ಕೆಲವು ಕಡೆ ನಡುವೆ ಒಬ್ಬ ಮಧ್ಯಸ್ಥ ಇರುತ್ತಾನೆ, ಅವನ ಬಾಯಿಂದ ಸತ್ತವರ ಮಾತು ಬರುತ್ತದೆ. ಇನ್ನು ಕೆಲವು ಕಡೆ ಬದುಕಿದ್ದವರೊಬ್ಬರೇ ಮಾತಾಡುತ್ತಾರೆ, ಆ ಕಡೆಯಿಂದ ಸದ್ದೇ ಇಲ್ಲ. ಈ ಕೊನೆಯದನ್ನೂ ಮಾತುಕತೆ ಅಂತ ಎಣಿಸಬಹುದೇ ಅಂತ ಕೆಲವರಿಗೆ ಅನುಮಾನ ಬರಬಹುದು. ಖಂಡಿತ ಎಣಿಸಬಹುದು. ಕನ್ನಡದಲ್ಲಿ ಈ ತಂತ್ರದ ಅತ್ಯಂತ ಗಟ್ಟಿ ಉದಾಹರಣೆ ಆ ಬಗೆಯದೇ. ಅದನ್ನು ಕೊನೆಗೆ ನೋಡೋಣ.

ಬರೆಯುವವರಿಗೆ ಇದರಿಂದ ಆಗುವ ಲಾಭ ಸರಳ. ಒಬ್ಬ ಮನುಷ್ಯನ ಮನಸ್ಸಿನೊಳಗೆ ಏನಿದೆ ಅಂತ ಓದುಗರಿಗೆ ತೋರಿಸಬೇಕು. "ಅವನಿಗೆ ಪಶ್ಚಾತ್ತಾಪವಾಯಿತು" ಅಂತ ಬರೆದರೆ ಸಪ್ಪೆ. ಅದೇ ಅವನು ತೀರಿಕೊಂಡ ತಾಯಿಯ ಎದುರು ನಿಂತು ಮಾತಾಡಿದರೆ, ಪಶ್ಚಾತ್ತಾಪ ಅನ್ನುವ ಪದವೇ ಬೇಡ.

ಕರಾರು ಇಲ್ಲದೆ ಮಾತಿಲ್ಲ

ಇಂಥ ಕಥೆಗಳಲ್ಲಿ ಮೊದಲು ಗಮನಿಸಬೇಕಾದ್ದು ಕರಾರನ್ನು. ಸತ್ತವರು ಸುಮ್ನೆ ಬಂದು ಹರಟೆ ಹೊಡೆದು ಹೋಗುವುದಿಲ್ಲ. ಏನೋ ಒಂದು ಬೆಲೆ, ಏನೋ ಒಂದು ಮಿತಿ ಇದ್ದೇ ಇರುತ್ತದೆ.

ಗ್ರೀಕರ ಒಡಿಸ್ಸಿ ಮಹಾಕಾವ್ಯದ ಹನ್ನೊಂದನೇ ಭಾಗ ತೆಗೆದುಕೊಳ್ಳಿ. ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಯೂಸ್‌ಗೆ ದಾರಿ ತಪ್ಪಿದೆ. ಮುಂದಿನ ದಾರಿ ಗೊತ್ತಿರುವುದು ಸತ್ತುಹೋದ ಕಣಿಗಾರ ಟೈರೀಸಿಯಸ್‌ಗೆ. ಒಡಿಸ್ಯೂಸ್ ಸತ್ತವರ ಲೋಕದ ಅಂಚಿಗೆ ಹೋಗಿ ಕತ್ತಿಯಿಂದ ಒಂದು ಗುಂಡಿ ತೋಡುತ್ತಾನೆ. ಮೊಳ ಉದ್ದ, ಮೊಳ ಅಗಲ. ಅದಕ್ಕೆ ಹಾಲು-ಜೇನು, ಆಮೇಲೆ ಸಿಹಿ ದ್ರಾಕ್ಷಾರಸ, ಆಮೇಲೆ ನೀರು ಹೊಯ್ದು, ಮೇಲೆ ಜವೆಗೋಧಿ ಹಿಟ್ಟು ಉದುರಿಸುತ್ತಾನೆ. ಕುರಿ ಕಡಿದು ರಕ್ತವನ್ನು ಗುಂಡಿಗೆ ಬಿಡುತ್ತಾನೆ. ಸತ್ತವರು ಗುಂಪುಗುಂಪಾಗಿ ಬಂದು ಮುತ್ತಿಕೊಳ್ಳುತ್ತಾರೆ. ರಕ್ತ ಕುಡಿದವರಿಗೆ ಮಾತ್ರ ಸರಿಯಾಗಿ ಮಾತಾಡಲು ಬರುತ್ತದೆ. ಟೈರೀಸಿಯಸ್ ಬರುವವರೆಗೂ ಬೇರೆ ಯಾರೂ ಕುಡಿಯದ ಹಾಗೆ ಅವನು ಕತ್ತಿ ಹಿಡಿದು ಕಾಯಬೇಕು.

ಆ ಗುಂಪಿನಲ್ಲಿ ಅವನ ತಾಯಿಯೂ ಇದ್ದಾಳೆ. ಅವನು ಯುದ್ಧಕ್ಕೆ ಹೊರಟಾಗ ಆಕೆ ಬದುಕಿದ್ದಳು. ಸತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗುವುದೇ ಇಲ್ಲಿ. ಕಣ್ಣಲ್ಲಿ ನೀರು ಬರುತ್ತದೆ. ಆದರೂ ಕತ್ತಿ ಅಡ್ಡ ಹಿಡಿದು ತಾಯಿಯನ್ನೇ ತಡೆಯುತ್ತಾನೆ, ಸರದಿ ಇನ್ನೂ ಅವಳದ್ದಲ್ಲ. ಅವಳಿಗೋ ಎದುರಿಗಿರುವ ಮಗನ ಗುರುತೇ ಇಲ್ಲ. ಸರದಿ ಬಂದು ರಕ್ತ ಕುಡಿದ ಮೇಲೆ "ಮಗನೇ" ಅನ್ನುತ್ತಾಳೆ. ಕಾಯಿಲೆಯಿಂದ ಸಾಯಲಿಲ್ಲ, ನಿನ್ನ ಹಂಬಲದಲ್ಲೇ ಸತ್ತೆ ಅನ್ನುತ್ತಾಳೆ. ಮೂರು ಸಲ ಅಪ್ಪಿಕೊಳ್ಳಲು ಹೋಗುತ್ತಾನೆ. ಮೂರು ಸಲವೂ ನೆರಳಿನ ಹಾಗೆ ಕೈಯಿಂದ ಜಾರುತ್ತಾಳೆ.

ಈ ಕರಾರುಗಳನ್ನು ತೆಗೆದುಬಿಟ್ಟರೆ ಉಳಿಯುವುದು ತಾಯಿ-ಮಗನ ಒಂದು ಭೇಟಿ ಅಷ್ಟೇ. ತಾಯಿಯನ್ನು ಕತ್ತಿ ಹಿಡಿದು ತಡೆಯಬೇಕಾಗಿ ಬಂದಿದ್ದು, ಆಕೆಗೆ ಗುರುತು ಸಿಗದೇ ಹೋಗಿದ್ದು, ಮುಟ್ಟಲಾಗದೇ ಹೋಗಿದ್ದು ಎಲ್ಲ ಕರಾರಿನಿಂದ ಹುಟ್ಟಿದ ಸಂಕಟ. ಹಿಂದೆ ಎಸ್‌ಟಿಡಿ ಬೂತಿನಲ್ಲಿ ನಿಂತು ಊರಿಗೆ ಫೋನ್ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಎದುರಿಗೆ ಕೆಂಪಂಕಿಯ ಮೀಟರ್ ಓಡುತ್ತಿರುತ್ತಿತ್ತು. ಜೇಬಿನಲ್ಲಿ ಇದ್ದಷ್ಟೇ ಮಾತು. ಹಾಗಾಗಿ ಮುಖ್ಯವಾದದ್ದು ಮೊದಲು ಬಾಯಿಗೆ ಬರುತ್ತಿತ್ತು, ಇಲ್ಲವೇ ಗಂಟಲಲ್ಲೇ ಉಳಿಯುತ್ತಿತ್ತು. ಸತ್ತವರ ಜೊತೆಗಿನ ಮಾತಿಗೂ ಕಥೆಗಾರ ಇಂಥದೇ ಒಂದು ಮೀಟರ್ ಇಟ್ಟಿರುತ್ತಾನೆ.

ನಮ್ಮ ಬೇತಾಳನ ಕಥೆಗಳಲ್ಲಿ ಕರಾರು ಇನ್ನೂ ಚೆನ್ನಾಗಿದೆ. ಬೇತಾಳ ಸತ್ತ ವ್ಯಕ್ತಿ ಅಲ್ಲ, ಹೆಣದೊಳಗೆ ಸೇರಿಕೊಂಡ ಜೀವ. ಆದರೂ ಮಾತು ಬರುವುದು ಹೆಗಲ ಮೇಲಿನ ಹೆಣದಿಂದಲೇ. ರಾಜ ಬಾಯಿ ಬಿಟ್ಟರೆ ಹೆಣ ಮರಕ್ಕೆ ವಾಪಸ್. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ. ಬದುಕಿದ್ದವನಿಗೆ ಮೌನದ ಕಟ್ಟು, ಹೆಣಕ್ಕೆ ಮಾತಿನ ಸಲೀಸು. ಈ ತಿರುಗಾಮುರುಗ ಇರುವುದರಿಂದಲೇ ಒಂದೇ ಚೌಕಟ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಥೆ ಕೂರಿಸಲು ಸಾಧ್ಯವಾಯಿತು. ಚಂದಮಾಮ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಹಾಭಾರತದಲ್ಲಿ ಒಂದು ರಾತ್ರಿಯ ಪ್ರಸಂಗವಿದೆ. ಆಶ್ರಮವಾಸಿಕ ಪರ್ವದಲ್ಲಿ ಬರುತ್ತದೆ. ಯುದ್ಧ ಮುಗಿದು ಹದಿನೈದು ವರ್ಷ ಕಳೆದರೂ ಧೃತರಾಷ್ಟ್ರ, ಗಾಂಧಾರಿ, ಕುಂತಿ ಯಾರಿಗೂ ಮಕ್ಕಳ ದುಃಖ ಆರಿಲ್ಲ. ವ್ಯಾಸರು ಗಂಗೆಗೆ ಇಳಿದು ಕರೆಯುತ್ತಾರೆ. ಎರಡೂ ಕಡೆ ಸತ್ತವರೆಲ್ಲ ನೀರಿನಿಂದ ಎದ್ದು ಬರುತ್ತಾರೆ. ಕುರುಡ ಧೃತರಾಷ್ಟ್ರ ಆವತ್ತು ಮಕ್ಕಳನ್ನು ನೋಡುತ್ತಾನೆ. ಕರ್ಣನನ್ನು ಪಾಂಡವರು ಅಣ್ಣ ಅಂತ ಕಾಣುತ್ತಾರೆ. ಯಾರಲ್ಲೂ ಹಗೆ ಇಲ್ಲ. ಬೆಳಗಾಗುವ ಹೊತ್ತಿಗೆ ಎಲ್ಲರೂ ಮತ್ತೆ ನೀರಿಗೆ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೇ ನಿಲ್ಲುವುದರಿಂದ ಈ ರಾತ್ರಿ ಅಲ್ಲಿಲ್ಲ. ನಮ್ಮಲ್ಲಿ ಬಹಳ ಜನರಿಗೆ ಇದರ ಪರಿಚಯ ಕಡಿಮೆ.

ಸತ್ತವನಿಗೆ ಮಾತ್ರ ಗೊತ್ತಿರುವ ಸಂಗತಿ

ಕಥೆಗಾರರು ಈ ತಂತ್ರಕ್ಕೆ ಕೈ ಹಾಕುವ ಇನ್ನೊಂದು ಕಾರಣ ಮಾಹಿತಿ. ಕೊಲೆ ಹೇಗಾಯಿತು ಅಂತ ಪಕ್ಕಾ ಗೊತ್ತಿರುವುದು ಇಬ್ಬರಿಗೆ: ಕೊಂದವನಿಗೆ, ಸತ್ತವನಿಗೆ. ಕೊಂದವನು ಹೇಳುವುದಿಲ್ಲ.

1600ರ ಸುಮಾರಿಗೆ ಬಂದ ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ನಿಂತಿರುವುದೇ ಇದರ ಮೇಲೆ. ತೋಟದಲ್ಲಿ ಮಲಗಿದ್ದ ರಾಜನನ್ನು ಹಾವು ಕಚ್ಚಿತು ಅಂತ ಊರಿಗೆಲ್ಲ ಹೇಳಿದ್ದಾರೆ. ಸತ್ತ ರಾಜನೇ ಬಂದು ಮಗನಿಗೆ ಹೇಳುತ್ತಾನೆ: ನನ್ನ ತಮ್ಮನೇ ಕಿವಿಗೆ ವಿಷ ಸುರಿದ. ಸರಿ, ಗುಟ್ಟು ಗೊತ್ತಾಯಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಆದರೆ ಮಗನಿಗೆ ಅನುಮಾನ. ಬಂದಿದ್ದು ಅಪ್ಪನೋ, ಅಪ್ಪನ ವೇಷದ ಪಿಶಾಚಿಯೋ? ಪರೀಕ್ಷೆ ಮಾಡಲು ಚಿಕ್ಕಪ್ಪನ ಎದುರಿಗೇ ಅಂಥದೇ ಕೊಲೆಯ ಒಂದು ನಾಟಕ ಆಡಿಸುತ್ತಾನೆ. ಸತ್ತವನ ಸಾಕ್ಷಿಯನ್ನು ಕೋರ್ಟಿಗೆ ಒಯ್ಯಲು ಬರುವುದಿಲ್ಲವಲ್ಲ. ಕೇಳಿಸಿಕೊಂಡವನೊಬ್ಬನೇ ಅದನ್ನು ಹೊತ್ತುಕೊಂಡು ತಿರುಗಬೇಕು.

ಸತ್ತವರು ನಿಜವನ್ನೇ ಹೇಳುತ್ತಾರೆ ಅನ್ನುವ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅದನ್ನು ಅಲ್ಲಾಡಿಸಿದ್ದು ಜಪಾನಿನ ಅಕುತಗಾವ 1922ರಲ್ಲಿ ಬರೆದ ಒಂದು ಸಣ್ಣ ಕಥೆ. ಕುರೊಸಾವ 1950ರಲ್ಲಿ ತೆಗೆದ ರಾಶೋಮನ್ ಸಿನಿಮಾದ ವಿಚಾರಣೆಯ ಭಾಗ ಅದರಿಂದಲೇ ಬಂದದ್ದು. ಕಾಡಿನಲ್ಲಿ ಒಬ್ಬ ಸಮುರಾಯ್ ಸತ್ತಿದ್ದಾನೆ. ನಾನು ಕೊಂದೆ ಅನ್ನುತ್ತಾನೆ ದರೋಡೆಕೋರ. ಹೆಂಡತಿಯ ಹೇಳಿಕೆ ಬೇರೆ. ಕೊನೆಗೆ ಮೈಮೇಲೆ ಬರಿಸಿಕೊಳ್ಳುವ ಹೆಂಗಸೊಬ್ಬಳ ಬಾಯಿಂದ ಸತ್ತವನೇ ಮಾತಾಡುತ್ತಾನೆ. ಈಗಲಾದರೂ ನಿಜ ಹೊರಗೆ ಬಂತು ಅಂದುಕೊಂಡರೆ, ಅವನು ನಾನೇ ಇರಿದುಕೊಂಡು ಸತ್ತೆ ಅನ್ನುತ್ತಾನೆ. ಸತ್ತ ಮೇಲೂ ಮನುಷ್ಯನಿಗೆ ಮರ್ಯಾದೆಯ ಚಿಂತೆ. ನನಗಂತೂ ಇಡೀ ಸಿನಿಮಾದಲ್ಲಿ ಅತ್ಯಂತ ಚುರುಕಾದ ಜಾಗ ಇದು ಅನ್ನಿಸುತ್ತದೆ.

ಇದಕ್ಕಿಂತ ಮುಂದಕ್ಕೆ ಹೋದವನು ಮೆಕ್ಸಿಕೋದ ಹ್ವಾನ್ ರುಲ್ಫೊ. 1955ರಲ್ಲಿ ಬಂದ ಅವನ ಪೆದ್ರೊ ಪಾರಾಮೊ ಕಾದಂಬರಿಯಲ್ಲಿ ಒಬ್ಬ ಮಗ ಅಪ್ಪನನ್ನು ಹುಡುಕಿಕೊಂಡು ಒಂದು ಊರಿಗೆ ಬರುತ್ತಾನೆ. ಮಾತಿಗೆ ಸಿಕ್ಕವರೆಲ್ಲ ಸತ್ತವರು ಅಂತ ನಿಧಾನಕ್ಕೆ ತಿಳಿಯುತ್ತದೆ. ಅರ್ಧಕ್ಕೆ ಬರುವ ಹೊತ್ತಿಗೆ, ನಮಗೆ ಕಥೆ ಹೇಳುತ್ತಿರುವವನೇ ಗೋರಿಯೊಳಗಿದ್ದಾನೆ ಅಂತ ಗೊತ್ತಾಗುತ್ತದೆ.

ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ

ಟಿವಿ ಮುಂದೆ ಹುಟ್ಟುವ ಆ ಪ್ರಶ್ನೆ, ದೆವ್ವವೋ ಭ್ರಮೆಯೋ ಅನ್ನುವುದು, ನಿಂತಿರುವುದು ಇಲ್ಲಿ. ಸತ್ತವರು ಒಬ್ಬರಿಗಿಂತ ಹೆಚ್ಚು ಜನರಿಗೆ ಕಂಡರೆ ಆ ಕಥೆಯ ಲೋಕದಲ್ಲಿ ಅವರು ನಿಜ. ಒಬ್ಬರಿಗೇ ಕಂಡರೆ ಎರಡೂ ಸಾಧ್ಯ. ಹ್ಯಾಮ್ಲೆಟ್‌ನ ಶುರುವಿನಲ್ಲಿ ಸತ್ತ ರಾಜ ಕಾವಲುಗಾರರಿಗೂ ಕಾಣುತ್ತಾನೆ. ಮೂರನೇ ಅಂಕದಲ್ಲಿ ಮತ್ತೆ ಬಂದಾಗ ಮಗನಿಗೆ ಕಾಣುತ್ತಾನೆ, ಅಲ್ಲೇ ಇರುವ ರಾಣಿಗೆ ಕಾಣುವುದಿಲ್ಲ. ಗಾಳಿಯ ಜೊತೆ ಮಾತಾಡುತ್ತಿದ್ದೀಯಲ್ಲ ಅಂತ ಅವಳು ಗಾಬರಿಯಾಗುತ್ತಾಳೆ. ನಾಟಕಕಾರ ಇದನ್ನು ಬಿಡಿಸಿ ಹೇಳುವುದಿಲ್ಲ. ಬೇಕೆಂದೇ ಹಾಗೆ ಬಿಟ್ಟಿದ್ದಾನೆ.

ಸಿನಿಮಾದಲ್ಲಿ ಇದನ್ನು ಸಣ್ಣ ಸಣ್ಣ ವಸ್ತುಗಳಿಂದ ಮಾಡುತ್ತಾರೆ. ಮಾಹೆಯಲ್ಲಿ ಹುಟ್ಟಿದ ಎಂ. ನೈಟ್ ಶ್ಯಾಮಲನ್ 1999ರಲ್ಲಿ ತೆಗೆದ ದಿ ಸಿಕ್ಸ್ತ್ ಸೆನ್ಸ್ ಇದಕ್ಕೆ ಪಾಠದಂತಿದೆ (ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ). ಗಂಡ ಹೋಟೆಲಿಗೆ ತಡವಾಗಿ ಬರುತ್ತಾನೆ. ಮದುವೆಯ ವಾರ್ಷಿಕೋತ್ಸವ. ಎದುರಿಗೆ ಕೂತು ತಡವಾಗಿದ್ದಕ್ಕೆ ಕಾರಣ ಹೇಳುತ್ತಾ ಹೋಗುತ್ತಾನೆ. ಹೆಂಡತಿ ತಲೆ ಎತ್ತುವುದಿಲ್ಲ. ಬಿಲ್ ಬಂದಾಗ ಅವನು ಕೈ ಚಾಚುತ್ತಾನೆ, ಅವಳು ಮೊದಲೇ ಎತ್ತಿಕೊಳ್ಳುತ್ತಾಳೆ. ಮೊದಲ ಸಲ ನೋಡಿದಾಗ ಇದು ಮುನಿಸಿಕೊಂಡ ಗಂಡ-ಹೆಂಡತಿಯ ದೃಶ್ಯ. ಅವನು ಸತ್ತಿದ್ದಾನೆ ಅಂತ ಗೊತ್ತಾದ ಮೇಲೆ ನೋಡಿದರೆ, ಒಬ್ಬಳೇ ಕೂತು ಊಟ ಮಾಡಿದ ವಿಧವೆಯ ದೃಶ್ಯ. ಒಂದು ಫ್ರೇಮೂ ಬದಲಾಗಿಲ್ಲ.

ಇದನ್ನೇ ತಿರುಗಿಸಿದವನು ಸಂಸ್ಕೃತದ ಭವಭೂತಿ, ಎಂಟನೇ ಶತಮಾನದಲ್ಲಿ. ಉತ್ತರರಾಮಚರಿತದ ಮೂರನೇ ಅಂಕದಲ್ಲಿ ರಾಮ ಪಂಚವಟಿಗೆ ಬರುತ್ತಾನೆ. ಸೀತೆ ಸತ್ತಳು ಅಂತಲೇ ಅವನ ಲೆಕ್ಕ. ಸೀತೆ ಬದುಕಿದ್ದಾಳೆ, ಅಲ್ಲೇ ಇದ್ದಾಳೆ. ಗಂಗೆಯ ವರದಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಡಿಗೆ ಬಿಟ್ಟ ಗಂಡ ತನ್ನನ್ನು ನೆನೆದು ಅಳುವುದನ್ನು ಆಕೆ ಪಕ್ಕದಲ್ಲೇ ನಿಂತು ಕೇಳುತ್ತಾಳೆ. ಮೂರ್ಛೆ ಹೋದಾಗ ಮುಟ್ಟಿ ಎಬ್ಬಿಸುತ್ತಾಳೆ. ನಾನು ಸತ್ತ ಮೇಲೆ ನನ್ನ ಬಗ್ಗೆ ಏನು ಹೇಳುತ್ತಾರೆ ಅನ್ನುವ ಕುತೂಹಲ ಯಾರಿಗಿಲ್ಲ? ಸೀತೆಗೆ ಅದು ಬದುಕಿದ್ದಾಗಲೇ ಕೇಳಲು ಸಿಕ್ಕಿತು.

ನಂಬಿಕೆಯ ಅಂಗಳದಲ್ಲಿ

ತುಳುನಾಡಿನವರು ಇಷ್ಟು ಹೊತ್ತಿಗೆ, ಇದರಲ್ಲಿ ತಂತ್ರ ಏನು ಬಂತು ಅಂತ ಕೇಳಬಹುದು. ಅಲ್ಲಿನ ಅನೇಕ ದೈವಗಳು ಒಂದು ಕಾಲಕ್ಕೆ ಮನುಷ್ಯರಾಗಿ ಬದುಕಿ, ಅನ್ಯಾಯಕ್ಕೆ ಸಿಕ್ಕಿ ಮಾಯವಾದವರು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಕೈ-ಕಾಲು ಕಡಿಸಿದ ಅರಸನ ಕಥೆ ಪಾಡ್ದನದಲ್ಲಿದೆ, ಅಂದರೆ ತುಳುವಿನ ಹಾಡುಗಥೆಯಲ್ಲಿ. ಕಲ್ಕುಡ, ಅವನ ತಂಗಿ ಕಲ್ಲುರ್ಟಿ ಇಬ್ಬರೂ ಈಗ ದೈವಗಳು. ದೈವಾರಾಧನೆಯ ಕೋಲದಲ್ಲಿ ಕಾಲಿಗೆ ಗಗ್ಗರ ಕಟ್ಟಿದ ಮೇಲೆ ದೈವ ನುಡಿ ಕೊಡುತ್ತದೆ. ಜನ ಜಾಗದ ತಗಾದೆ, ಮನೆಯ ಕಷ್ಟ ಎಲ್ಲವನ್ನೂ ಅಲ್ಲೇ ಹೇಳಿಕೊಳ್ಳುತ್ತಾರೆ. ಅಂಗಳದಲ್ಲಿ ನಿಂತವರು ಪ್ರೇಕ್ಷಕರಲ್ಲ, ಕಕ್ಷಿದಾರರು. ಇದನ್ನು ಕಥೆಯ ಲೆಕ್ಕದಲ್ಲಿ ಅಳೆಯುವುದು ಸರಿಯಾಗದು. ಆದರೆ ಒಂದು ಸಾಮ್ಯ ಕಾಣುತ್ತದೆ. ಬದುಕಿದ್ದಾಗ ಅರಸನ ಎದುರು ಬಾಯಿ ಬಿಡಲಾಗದ ಮನುಷ್ಯ ಸತ್ತ ಮೇಲೆ ಮಾತಾಡುತ್ತಾನೆ, ಊರು ಕೈಮುಗಿದು ಕೇಳುತ್ತದೆ.

ಈಗ ಕಂಪ್ಯೂಟರ್ ಮಾತಾಡಿಸುತ್ತಿದೆ

2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ ಒಂದು ಸಾಕ್ಷ್ಯಚಿತ್ರ ತೋರಿಸಿತು. ಕಂಪ್ಯೂಟರ್ ದೃಶ್ಯವನ್ನು ಎದುರಿಗೇ ಇರುವ ಹಾಗೆ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡ ತಾಯಿಯ ಮುಂದೆ, ತೀರಿಕೊಂಡ ಪುಟ್ಟ ಮಗಳ ಕಂಪ್ಯೂಟರ್ ರೂಪ ಬಂದು ಮಾತಾಡಿತು. 2024ರಲ್ಲಿ ಎ.ಆರ್. ರೆಹಮಾನ್ ತಮಿಳಿನ ಲಾಲ್ ಸಲಾಂ ಸಿನಿಮಾದ ಒಂದು ಹಾಡಿಗೆ, ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ಬಳಸಿದರು. ಮನೆಯವರ ಒಪ್ಪಿಗೆ ಪಡೆದು, ಹಣವನ್ನೂ ಕೊಟ್ಟಿರುವುದಾಗಿ ತಿಳಿಸಿದರು.

ಇಂಥ ಪ್ರೋಗ್ರಾಮ್ ಕೆಲಸ ಮಾಡುವ ಬಗೆ ಇಷ್ಟೇ: ವ್ಯಕ್ತಿಯ ಹಳೆಯ ಮೆಸೇಜು, ಧ್ವನಿಮುದ್ರಿಕೆ, ವಿಡಿಯೋ ಕೊಟ್ಟರೆ, ಅವರು ಮಾತಾಡುತ್ತಿದ್ದ ರೀತಿಯನ್ನು ಅನುಕರಿಸಿ ಹೊಸ ವಾಕ್ಯ ಕಟ್ಟುತ್ತದೆ. ಆ ವಾಕ್ಯವನ್ನು ಆ ವ್ಯಕ್ತಿ ಎಂದೂ ಆಡಿರುವುದಿಲ್ಲ. ಕಥೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಡಿಸ್ಸಿಯ ಅದೇ ಗುಂಡಿಯ ಬಳಿಗೆ ಏಜಾಕ್ಸ್ ಅನ್ನುವ ವೀರನೂ ಬರುತ್ತಾನೆ. ಬದುಕಿದ್ದಾಗ ಒಡಿಸ್ಯೂಸ್‌ನಿಂದ ಅವಮಾನ ಆಗಿತ್ತು. ಒಡಿಸ್ಯೂಸ್ ಎಷ್ಟು ಸಮಾಧಾನ ಮಾಡಿದರೂ ಅವನು ಒಂದು ಮಾತೂ ಆಡದೆ ತಿರುಗಿ ಹೋಗುತ್ತಾನೆ. ಮಾತಾಡದೆ ಹೋಗುವ ಹಕ್ಕು ಕಥೆಯ ಸತ್ತವರಿಗೆ ಇದೆ. ಪ್ರೋಗ್ರಾಮ್ ಮಾತ್ರ ಕೇಳಿದಾಗಲೆಲ್ಲ ಉತ್ತರ ಕೊಡುತ್ತದೆ.

ಉತ್ತರ ಬಾರದ ಮಾತು

ಸುಮಾರು ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯ ರನ್ನ ಗದಾಯುದ್ಧ ಬರೆದ. ಕುರುಕ್ಷೇತ್ರ ಮುಗಿಯುತ್ತಾ ಬಂದಿದೆ. ಕೌರವರ ಕಡೆ ಹೆಚ್ಚುಕಡಿಮೆ ಎಲ್ಲರೂ ಹೋಗಿದ್ದಾರೆ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ನೋಡಲು ದುರ್ಯೋಧನ ಸಂಜಯನ ಜೊತೆ ಹೊರಡುತ್ತಾನೆ. ದಾರಿ ಹೆಣಗಳ ನಡುವೆ. ಒಂದೊಂದು ಹೆಣದ ಎದುರೂ ನಿಲ್ಲುತ್ತಾನೆ, ಮಾತಾಡುತ್ತಾನೆ. ಯಾರೂ ಏಳುವುದಿಲ್ಲ. ವ್ಯಾಸರ ವರವಿಲ್ಲ, ರಕ್ತದ ಗುಂಡಿಯಿಲ್ಲ.

ಅಭಿಮನ್ಯುವಿನ ಹೆಣ ಸಿಗುತ್ತದೆ. ಶತ್ರುವಿನ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ಅವನಿಗೆ ದುರ್ಯೋಧನ ಕೈಮುಗಿದು ಕೇಳಿಕೊಳ್ಳುತ್ತಾನೆ: ನಿನ್ನಂಥ ಪರಾಕ್ರಮ ಬೇರೆಯವರಿಗೆ ಸಾಧ್ಯವಿಲ್ಲ, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ. ಅಭಿಮನ್ಯು ಬದುಕಿದ್ದಿದ್ದರೆ ಈ ಮಾತು ದುರ್ಯೋಧನನ ಬಾಯಿಂದ ಬರುತ್ತಿತ್ತೇ?

ಆಮೇಲೆ ತನ್ನದೇ ಮಗ ಲಕ್ಷಣಕುಮಾರ. ಅಪ್ಪನಿಗೆ ಮಗ ತರ್ಪಣ ಬಿಡುವುದು ಲೋಕದ ಕ್ರಮ, ಈಗ ನಿನಗೆ ನಾನು ಬಿಡುವ ಹಾಗಾಯಿತು, ಮಗನೇ, ಹೀಗೆ ಕ್ರಮ ತಪ್ಪಿಸಬಹುದೇ ಅನ್ನುತ್ತಾನೆ. ಓದಲು ಬೈಗುಳದ ಹಾಗಿದೆ. ಮಗ ತಪ್ಪು ಮಾಡಿದ ಅನ್ನುವ ಧಾಟಿ. ದುಃಖ ಅನ್ನುವ ಪದವನ್ನು ರನ್ನ ಇಲ್ಲಿ ತರುವುದಿಲ್ಲ. ದುಶ್ಶಾಸನನ ಹತ್ತಿರವೂ ಇದೇ ದೂರು: ತಾಯಿಯ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆ ಬಂದವನು, ಸಾವಿನಲ್ಲಿ ಮಾತ್ರ ಮುಂದೆ ಹೋದೆ.

ಕೊನೆಗೆ ಕರ್ಣ. ನೀನಿದ್ದರೆ ರಾಜ್ಯ, ನೀನಿದ್ದರೆ ಪಟ್ಟ, ನೀನಿದ್ದರೆ ಬೆಳ್ಗೊಡೆ (ಅರಸರ ಬಿಳಿ ಕೊಡೆ) ಅನ್ನುತ್ತಾನೆ. ಆಮೇಲೆ ಒಂದು ಗುಟ್ಟು ಹೊರಗೆ ಬರುತ್ತದೆ. ನೀನು ಯಾರ ಮಗ ಅಂತ ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಅಂದರೆ ಪಾಂಡವರ ಅಣ್ಣ ಅಂತ ಗೊತ್ತಿದ್ದೂ ಇವನನ್ನು ಜೊತೆಗೆ ಇಟ್ಟುಕೊಂಡಿದ್ದ. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಳ್ಳಲಾರದ ಹೊತ್ತಿನಲ್ಲಿ ಅದನ್ನು ಹೇಳುತ್ತಾನೆ. ಎದುರುತ್ತರ ಇಲ್ಲ ಅನ್ನುವುದೇ ಇಲ್ಲಿನ ಕರಾರು. ಆ ಕರಾರು ಇರುವುದರಿಂದಲೇ ಜಂಭದ ಮನುಷ್ಯ ಬಾಯಿ ಬಿಡುತ್ತಾನೆ.

ಅಲ್ಲಿಂದ ಭೀಷ್ಮನ ಹತ್ತಿರ ಹೋಗುತ್ತಾನೆ. ಭೀಷ್ಮನಿಗೆ ಇನ್ನೂ ಜೀವವಿದೆ, ಎದುರು ಮಾತಾಡುತ್ತಾನೆ. ಈಗಲಾದರೂ ಸಂಧಿ ಮಾಡಿಕೋ ಅನ್ನುತ್ತಾನೆ. ದುರ್ಯೋಧನ ತಕ್ಷಣ ಹಳೆಯ ದುರ್ಯೋಧನನಾಗುತ್ತಾನೆ. ನಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಅನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ಇನ್ನು ಬಾಳುವೆನೇ ಅಂತ ಕೇಳಿ, ಸಂಧಿಯ ಮಾತನ್ನು ಅಲ್ಲಿಗೇ ಮುರಿಯುತ್ತಾನೆ.